ದೇವರನ್ನು ಕೇಳಿಯೇ ಸಹಿ ಹಾಕಿದೆ ಅಂದುಕೊಂಡಿದ್ದೆ

ಯಾರಾದರೂ ನಿಮ್ಮನ್ನು ಸಾಲಕ್ಕೆ ಜಾಮೀನು ನಿಲ್ಲಲು ಕೇಳಿದ್ದರೆ, ಸಹಿ ಹಾಕುವ ಮೊದಲು ಇದನ್ನು ಓದಿ. ನನ್ನ ಮನೆಗೆ ಆದದ್ದು ನಿಮ್ಮ ಮನೆಗೆ ಆಗಬಾರದು.

ನಾನು ಗದಗ ಕಡೆಯ ಶಾಲಾ ಮಾಸ್ತರ. ಆರು ವರ್ಷದ ಹಿಂದೆ, ನಮ್ಮ ಚರ್ಚಿನ ಸಭೆಯಲ್ಲೇ ನನ್ನ ಜೊತೆ ಹಾಡುತ್ತಿದ್ದ ಗೆಳೆಯ ಮನೆಗೆ ಬಂದ. ಅಂಗಡಿ ದೊಡ್ಡದು ಮಾಡಬೇಕು, ಒಂದು ಪತ್ತಿನ ಸಂಘದಲ್ಲಿ ಎಂಟು ಲಕ್ಷ ಸಾಲ ಸಿಗುತ್ತದೆ, ಸಂಬಳದವರ ಜಾಮೀನು ಬೇಕು ಅಂದ. "ಸರ, ನಿಮ್ಮದೊಂದು ಸಹಿ ಅಷ್ಟ ರೀ. ಕಂತು ನಾ ಕಟ್ತೀನಿ, ನಿಮಗ ಏನೂ ತ್ರಾಸ ಆಗೂದಿಲ್ಲ." ನಾಳೆ ಹನ್ನೊಂದು ಗಂಟೆಗೇ ಬರಬೇಕು ಅಂತಲೂ ಸೇರಿಸಿದ.

ಆ ರಾತ್ರಿ ನಾನು ಪ್ರಾರ್ಥನೆ ಮಾಡಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರಾರ್ಥನೆ ಮಾಡದೆ ಹೆಜ್ಜೆ ಇಟ್ಟಿದ್ದಕ್ಕೇ ಹೀಗಾಯಿತು ಅಂತ ಎಷ್ಟೋ ಜನ ನನಗೆ ಹೇಳಿದ್ದಾರೆ. ಮೊಣಕಾಲೂರಿಯೇ ಮಾಡಿದ್ದೆ. ಆಮೇಲೆ ಕಣ್ಣು ಮುಚ್ಚಿ ಬೈಬಲ್ ತೆರೆದು ಒಂದು ಕಡೆ ಬೆರಳಿಟ್ಟೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ. ಕೇಳುವವನಿಗೆ ಕೊಡು, ಸಾಲ ಕೇಳಬಂದವನಿಗೆ ಮುಖ ತಿರುಗಿಸಬೇಡ ಎನ್ನುವ ಮಾತು. ಮೈ ಜುಮ್ಮೆಂದಿತು.

"ಒಂದ್ ವಾರ ತಡೀರಿ, ಸಭಾಪಾಲಕರನ್ನ ಒಮ್ಮೆ ಕೇಳೂಣು" ಅಂದಳು ಹೆಂಡತಿ. ದೇವರೇ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು ಅಂತ ಅವಳ ಬಾಯಿ ಮುಚ್ಚಿಸಿದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ಸಂಘದಲ್ಲಿ ಹತ್ತಾರು ಕಡೆ ಸಹಿ ಹಾಕಿದೆ. ಒಂದು ಹಾಳೆಯನ್ನೂ ಓದಲಿಲ್ಲ. ಎರಡು ಖಾಲಿ ಚೆಕ್ಕನ್ನೂ ಕೊಟ್ಟೆ.

ಹದಿನಾಲ್ಕು ತಿಂಗಳು ಕಂತು ಸರಿಯಾಗಿ ಹೋಯಿತು. ಆಮೇಲೆ ನಿಂತಿತು. ಅಂಗಡಿಗೆ ಬೀಗ, ಫೋನ್ ಬಂದ್. ಸಾಲ ಸುಸ್ತಿಯಾಗಿದೆ ಎಂಬ ನೋಟಿಸ್ ನಮ್ಮ ಶಾಲೆಗೇ ಬಂತು, ಹೆಡ್‌ಮಾಸ್ತರ ಕೈಗೆ. ಮೊದಲು ಅವನನ್ನು ಹಿಡಿಯಿರಿ ಅಂತ ನಾನು ಜಗಳಕ್ಕೆ ಹೋದೆ. ಅಲ್ಲಿದ್ದವರು ನಾನೇ ಸಹಿ ಹಾಕಿದ ಹಾಳೆ ತೋರಿಸಿದರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಅಸಲು, ಬಡ್ಡಿ, ಎಲ್ಲವೂ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ನಮಗಿದೆ, ನಿಜ. ಆದರೆ ಅವನ ಹತ್ತಿರ ಏನಾದರೂ ಉಳಿದಿರಬೇಕಲ್ವಾ?

ಸಂಬಳದಲ್ಲಿ ಕಡಿತ ಶುರುವಾಯಿತು. ಕೊನೆಗೆ ಮನೆ ಕಟ್ಟಲು ಇಟ್ಟಿದ್ದ ಸೈಟು ಮಾರಿದೆವು. ಮಗಳ ನರ್ಸಿಂಗ್ ಓದು ಎರಡು ವರ್ಷ ತಡವಾಯಿತು. ಆ ಸುಸ್ತಿ ನನ್ನ ಸಿಬಿಲ್ ದಾಖಲೆಯಲ್ಲೂ, ಅಂದರೆ ಸಾಲ ಕೊಡುವವರು ನೋಡುವ ನನ್ನ ಸಾಲದ ಚರಿತ್ರೆಯಲ್ಲೂ, ಬಂದಿತ್ತು. ಅವಳಿಗೆ ಶಿಕ್ಷಣ ಸಾಲ ಕೇಳಲು ಹೋದಾಗಲೇ ನನಗೆ ಅದು ತಿಳಿದದ್ದು.

ಆಮೇಲೆ ಬೈಬಲ್ಲನ್ನು ಬೆರಳಿಟ್ಟು ಅಲ್ಲ, ಕೂತು ಓದಿದೆ. ಜಾಮೀನಿನ ವಿಷಯ ಅದರ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ ನೇರವಾಗಿಯೇ ಇದೆ. 6, 11, 17, 20, 22, 27, ಇಷ್ಟು ಅಧ್ಯಾಯಗಳಲ್ಲಿ. ತೀರಿಸಲು ನಿನಗೆ ಗತಿಯಿಲ್ಲದಿದ್ದರೆ ಮಲಗಿದ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಅಂತ 22ನೇ ಅಧ್ಯಾಯ ಹೇಳುತ್ತದೆ. ಎಷ್ಟು ಸಲ ಓದಿದ್ದೆನೋ ಏನೋ. ಅಂದು ರಾತ್ರಿ ಒಂದೂ ನೆನಪಾಗಲಿಲ್ಲ. ನಾನು ದೇವರ ಹತ್ತಿರ ಕೇಳಿದ್ದು ಬುದ್ಧಿಯನ್ನಲ್ಲ, ಒಪ್ಪಿಗೆಯನ್ನು. ಗೆಳೆಯನಿಗೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಅದಕ್ಕೊಂದು ವಚನ ಹುಡುಕಿದೆ, ಸಿಕ್ಕಿತು.

ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ ಎಂದ ಯಾಕೋಬನ ಪತ್ರಿಕೆಯಲ್ಲೇ, ಮೇಲಿನಿಂದ ಬರುವ ಜ್ಞಾನ ಹೇಗಿರುತ್ತದೆ ಅಂತಲೂ ಇದೆ. ಅದು ಸಮಾಧಾನದ್ದು, ಇನ್ನೊಬ್ಬರ ಮಾತಿಗೆ ಕಿವಿಗೊಡುವಂಥದ್ದು. ಹೆಂಡತಿಯ ಬಾಯಿ ಮುಚ್ಚಿಸಿದ ನನ್ನ ಆ 'ಉತ್ತರ' ಎಲ್ಲಿಂದ ಬಂದಿರಬಹುದು ಅಂತ ಅವತ್ತೇ ಅನುಮಾನ ಬರಬೇಕಿತ್ತು.

ಬೈಬಲ್ಲಿನಲ್ಲಿ, ಇಸ್ರಾಯೇಲ್ಯರ ನಾಯಕ ಯೆಹೋಶುವನ ಕಾಲದಲ್ಲಿ, ಹತ್ತಿರದ ಊರಿನವರೇ ಆದ ಗಿಬ್ಯೋನ್ಯರು ಬೂಸಲು ಹಿಡಿದ ರೊಟ್ಟಿ, ಹರಿದ ಕೆರ ತೋರಿಸಿ ದೂರದ ಊರಿನವರೆಂದು ನಂಬಿಸಿದರಲ್ಲ, ಆಗ ಇಸ್ರಾಯೇಲ್ಯರ ಹಿರಿಯರು ರೊಟ್ಟಿ ನೋಡಿ ಆಣೆ ಇಟ್ಟು ಒಪ್ಪಂದ ಮಾಡಿಕೊಂಡರು, ಯೆಹೋವನನ್ನು ಕೇಳಲಿಲ್ಲ. ಮೂರೇ ದಿನದಲ್ಲಿ ನಿಜ ಗೊತ್ತಾಯಿತು. ಆದರೂ ಕೊಟ್ಟ ಆಣೆ ಹಿಂತೆಗೆಯಲು ಆಗಲಿಲ್ಲ. ಈ ಭಾಗ ಓದುವಾಗೆಲ್ಲ ನನಗೆ ಸಂಘದ ಆ ಮೇಜು ಕಣ್ಣ ಮುಂದೆ ಬರುತ್ತದೆ. ಅವರು ಮೂರು ದಿನ ಕಾದಿದ್ದರೆ ಸಾಕಿತ್ತು. ನನ್ನ ಹೆಂಡತಿ ಕೇಳಿದ್ದು ಏಳು ದಿನ.

ಆದ್ದರಿಂದ ದಯವಿಟ್ಟು, ನಾಳೆಯೇ ಬನ್ನಿ ಅನ್ನುವವರಿಗೆ ನಾಳೆ ಆಗುವುದಿಲ್ಲ ಅನ್ನಿ. ಪತ್ರವನ್ನು ಮನೆಗೆ ತಂದು, ಮನೆಯವರ ಮುಂದೆ ಜೋರಾಗಿ ಓದಿ. ಗೊತ್ತಿರುವ ವಕೀಲರಿಗೋ ಬ್ಯಾಂಕಿನವರಿಗೋ ತೋರಿಸಿ. ಖಾಲಿ ಚೆಕ್ ಮಾತ್ರ ಯಾರಿಗೂ ಕೊಡಬೇಡಿ. ಈ ಪೂರ್ತಿ ಸಾಲ ನಾನೇ ತೀರಿಸುವುದಾದರೆ ಎಲ್ಲಿಂದ ತರಲಿ ಅಂತ ಲೆಕ್ಕ ಹಾಕಿ, ಆ ಲೆಕ್ಕವನ್ನೇ ಇಟ್ಟುಕೊಂಡು ಪ್ರಾರ್ಥನೆಗೆ ಕೂತುಕೊಳ್ಳಿ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ, ಜ್ಞಾನೋಕ್ತಿಗಳ 6ನೇ ಅಧ್ಯಾಯ ಹೇಳುವಂತೆ, ಕಣ್ಣಿಗೆ ನಿದ್ದೆ ಕೊಡದೆ ಬಿಡಿಸಿಕೊಳ್ಳಲು ಹೋಗಿ. ಸಾಲ ಇನ್ನೂ ಬಟವಾಡೆ ಆಗಿಲ್ಲದಿದ್ದರೆ, ಜಾಮೀನು ಹಿಂದಕ್ಕೆ ಪಡೆಯುತ್ತೇನೆಂದು ಇವತ್ತೇ ಬರೆದುಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಟವಾಡೆ ಆಗಿದ್ದರೆ ಪ್ರತಿ ತಿಂಗಳು ಕಂತು ಹೋಗಿದೆಯಾ ಅಂತ ನೀವೇ ಹೋಗಿ ವಿಚಾರಿಸಿ. ಮೊದಲ ಕಂತು ತಪ್ಪಿದ ವಾರವೇ ಸಾಲಗಾರನ ಮನೆ ಬಾಗಿಲಲ್ಲಿ ನಿಲ್ಲಿ, ಅವನು ಎಷ್ಟೇ ಒಳ್ಳೆಯ ಗೆಳೆಯನಾಗಿರಲಿ. ನಾನು ಸಂಕೋಚಪಟ್ಟು ಐದು ತಿಂಗಳು ಸುಮ್ನೆ ಕೂತಿದ್ದೆ.