ಕಾಸಾನ್ ರಿವ್ಯೂ: ಎರಡು ವಾರದ ತಲೆನೋವಿಗೆ ಒಂದು ಸಾಲಿನ ಮದ್ದು (5ಕ್ಕೆ ನಾಲ್ಕೂವರೆ)

ಕಾಸಾನ್ (KASAN) ಅಂದ್ರೆ ಕರ್ನೆಲ್ ಕೋಡ್ ಮೆಮೊರಿನ ತಪ್ಪಾಗಿ ಮುಟ್ಟಿದ್ರೆ ಹಿಡ್ದು ಹೇಳೋ ಟೂಲ್. ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗೆ ನೆಟ್‌ವರ್ಕ್ ಪ್ಯಾಕೆಟ್‌ಗೆ ಕೈ ಹಾಕೋರಿಗೆ ಮಾತ್ರ ಈ ರಿವ್ಯೂ, ಬೇರೆಯವ್ರಿಗೆ ತಲೆಬುಡ ಅರ್ಥ ಆಗಲ್ಲ, ಬೇಜಾರ್ ಮಾಡ್ಕೋಬೇಡಿ.

ನೆಟ್‌ಫಿಲ್ಟರ್ ಹುಕ್ (ಹೋಗೋ ಬರೋ ಪ್ಯಾಕೆಟ್ ಮಧ್ಯೆ ಹಿಡಿಯೋ ಕೊಕ್ಕೆ) ಇಟ್ಟು ಕರ್ನೆಲ್ಲಿಗೆ ಸೇರಿಸೋ ಒಂದು ಚಿಕ್ಕ ಮಾಡ್ಯೂಲ್ ಬರ್ದಿದ್ದೆ, ಪ್ರಿರೂಟಿಂಗಲ್ಲಿ, ಅಂದ್ರೆ ದಾರಿ ತೀರ್ಮಾನ ಆಗೋಕೆ ಮುಂಚೆ, ಪ್ಯಾಕೆಟ್ ಹಿಡ್ದು ಪೇಲೋಡ್ (ಒಳಗಿನ ಡೇಟಾ) ನೋಡಿ ಡೆಸ್ಟಿನೇಷನ್ ಅಡ್ರೆಸ್ ಬದಲಾಯ್ಸೋದು ಅಷ್ಟೇ. ಪಿಂಗ್ ಹೊಡೆದ್ರೆ ಏನೂ ತೊಂದ್ರೆ ಇಲ್ಲ, ನೆಟ್‌ವರ್ಕ್ ಸ್ಪೀಡ್ ಅಳೆಯೋ ಐಪರ್ಫ್ ಹಾಕಿ ಐದ್ಹತ್ತು ನಿಮಿಷಕ್ಕೆ ವರ್ಚುವಲ್ ಮಷಿನ್ ಢಮಾರ್. ಅದೂ ಸಾಯ್ತಿದ್ದದ್ದು ನನ್ನ ಕೋಡಲ್ಲಲ್ಲ, ಒಂದ್ಸಲ ಟಿಸಿಪಿ ಒಳಗೆ, ಇನ್ನೊಂದ್ಸಲ ಸಂಬಂಧನೇ ಇಲ್ದಿರೋ ಫೈಲ್‌ಸಿಸ್ಟಮ್ ಒಳಗೆ. "ಫೇಟಲ್ ಎಕ್ಸೆಪ್ಷನ್ ಇನ್ ಇಂಟರಪ್ಟ್" ಅಂತ ಬಂದು ನಿಂತ್ಬಿಡುತ್ತೆ, ಡಿಸ್ಕ್‌ಗೆ ಲಾಗ್ ಬರೆಯೋಕೂ ಬಿಡಲ್ಲ, ಕ್ಯೂಎಮು (ವರ್ಚುವಲ್ ಮಷಿನ್ ಓಡಿಸೋ ಸಾಫ್ಟ್‌ವೇರ್) ಸೀರಿಯಲ್ ಕನ್ಸೋಲನ್ನ ಫೈಲಿಗೆ ತಿರುಗಿಸಿದ್ಮೇಲೇನೇ ಪೂರ್ತಿ ಟ್ರೇಸ್ ಸಿಕ್ಕಿದ್ದು. ಎರಡು ವಾರ ಪ್ರಿಂಟ್‌ಕೆ (ಕರ್ನೆಲ್ ಒಳಗಿಂದ ಮೆಸೇಜ್ ಪ್ರಿಂಟ್ ಮಾಡೋ ಫಂಕ್ಷನ್) ಹಾಕ್ಕೊಂಡು ತಡಕಾಡಿದೆ.

ಆಮೇಲೆ ಕಾಸಾನ್ ಆನ್ ಮಾಡಿ ಕರ್ನೆಲ್ ಬಿಲ್ಡ್ ಮಾಡ್ದೆ. 2015ರ 4.0 ವರ್ಷನ್‌ನಿಂದ್ಲೂ ಕರ್ನೆಲ್ ಒಳಗೇ ಇದೆ, ಬಿಟ್ಟಿ, ನಾನೇ ನೋಡಿರ್ಲಿಲ್ಲ. ಐಪರ್ಫ್ ಶುರು ಆಗಿ ಅರ್ಧ ನಿಮಿಷ ಆಗಿಲ್ಲ, "ಯೂಸ್ ಆಫ್ಟರ್ ಫ್ರೀ" (ಬಿಟ್ಟುಕೊಟ್ಟ ಮೆಮೊರಿನ ಮತ್ತೆ ಮುಟ್ಟಿದ್ದು) ಅಂತ ನನ್ನದೇ ಫಂಕ್ಷನ್ ಹೆಸರು ಹಿಡ್ದು ಕೊಡ್ತು, ಕೆಳಗೆ ಆ ಮೆಮೊರಿ ಎಲ್ಲಿ ಅಲೋಕೇಟ್ ಆಯ್ತು, ಎಲ್ಲಿ ಫ್ರೀ ಆಯ್ತು ಅಂತ ಎರಡು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ). ಫ್ರೀ ಆಗಿದ್ದು ನಾನೇ ಕರೆದ ಪಿಎಸ್‌ಕೆಬಿ ಮೇ ಪುಲ್ (pskb_may_pull, ಪ್ಯಾಕೆಟ್ ಡೇಟಾನ ಮುಖ್ಯ ಬಫರ್ರಿಗೆ ಎಳ್ಕೊಳ್ಳೋ ಫಂಕ್ಷನ್) ಒಳಗೆ! ದೊಡ್ಡ ಪ್ಯಾಕೆಟ್ ಆದ್ರೆ ಪೇಲೋಡ್ ಬೇರೆ ಪೇಜಲ್ಲಿರುತ್ತೆ, ಅದನ್ನ ಎಳ್ಕೊಳ್ಳೋಕೆ ಜಾಗ ಸಾಲ್ದೇ ಹೋದ್ರೆ ಕರ್ನೆಲ್ ಹೊಸ ಬಫರ್ ತಗೊಂಡು ಹಳೇದನ್ನ ಬಿಟ್ಬಿಡುತ್ತೆ, ನಾನು ಮೊದ್ಲೇ ಇಟ್ಕೊಂಡಿದ್ದ ಐಪಿ ಹೆಡರ್ (ಪ್ಯಾಕೆಟ್ಟಿನ ಅಡ್ರೆಸ್ ಇರೋ ಭಾಗ) ಪಾಯಿಂಟರ್ ಮನೆ ಖಾಲಿ ಮಾಡಿದವ್ರ ಅಡ್ರೆಸ್ ಆಗೋಯ್ತು, ಅಲ್ಲಿಗೆ ನಾನು ಬರೆದಿದ್ದು ಬೇರೆ ಯಾರದ್ದೋ ಡೇಟಾ ಮೇಲೆ. ಪಿಂಗ್ ಪ್ಯಾಕೆಟ್ ಚಿಕ್ಕದು, ಬಫರ್ ಬದಲಾಗ್ತಾನೇ ಇರ್ಲಿಲ್ಲ. ಪುಲ್ ಆದ್ಮೇಲೆ ಹೆಡರ್ ಮತ್ತೆ ತಗೊಳ್ಳೋ ಒಂದು ಸಾಲು ಹಾಕ್ದೆ, ಮುಗೀತು.

ಕಿರಿಕಿರಿನೂ ಇದೆ. ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕಕ್ಕೆ ಎತ್ತಿಡುತ್ತೆ, ಅಂದ್ರೆ ರ‍್ಯಾಮಲ್ಲಿ ಎಂಟನೇ ಒಂದು ಭಾಗ ಗೋತಾ, ಸ್ಪೀಡೂ ಚೆನ್ನಾಗೇ ಬೀಳುತ್ತೆ, ಪ್ರೊಡಕ್ಷನ್ ಸರ್ವರ್‌ಗೆ ಹಾಕೋ ಯೋಚ್ನೆನೂ ಮಾಡ್ಬೇಡಿ. ಮಾಡ್ಯೂಲನ್ನೂ ಅದೇ ಕರ್ನೆಲ್ ಮೇಲೆ ಮತ್ತೆ ಬಿಲ್ಡ್ ಮಾಡ್ಬೇಕು. ಮೊದಲ್ನೇ ತಪ್ಪು ಹೇಳಿ ಸುಮ್ನಾಗುತ್ತೆ, ಉಳಿದವೂ ಬೇಕಂದ್ರೆ ಬೂಟ್ ಲೈನಲ್ಲಿ ಕಾಸಾನ್ ಮಲ್ಟಿ ಶಾಟ್ ಅಂತ ಹಾಕಿ. ನೆಟ್‌ವರ್ಕ್ ಕಾರ್ಡ್ ಡ್ರೈವರ್ ಒಂದೇ ಪೇಜನ್ನ ತುಂಡು ಮಾಡಿ ಬಫರ್ ಕೊಟ್ಟಿದ್ರೆ ಎಷ್ಟೋ ಸಲ ಇದಕ್ಕೂ ಕಾಣಲ್ಲ, ಅರ್ಧ ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.

ಟೆಸ್ಟ್ ಕರ್ನೆಲಲ್ಲಿ ಈಗ ಯಾವಾಗ್ಲೂ ಆನ್, ರಾತ್ರಿ ಹೊತ್ತು ಲ್ಯಾಪ್‌ಟಾಪ್ ಫ್ಯಾನ್ ಸೌಂಡಿಗೆ ಮನೇಲಿ ಬೈಸ್ಕೋತಿದೀನಿ.