ಹಳೆ ಫ್ಲೂಟ್ ತಗೊಳ್ಳುವವರೇ, ದುಡ್ಡು ಕೊಡುವ ಮೊದಲು ತೀರಾ ಕೆಳಗಿನ ಸ್ವರ ಊದಿಸಿ ನೋಡಿ

ಮಂಗಳೂರು, ಉಡುಪಿ, ಮಣಿಪಾಲ ಕಡೆ ಮಕ್ಕಳಿಗಾಗಿ ಸೆಕೆಂಡ್ ಹ್ಯಾಂಡ್ ಫ್ಲೂಟ್ ಹುಡುಕುತ್ತಿರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ಬಿದಿರಿನ ಕೊಳಲಿನ ವಿಷಯ ಅಲ್ಲ ಇದು. ಚರ್ಚಿನ ಕ್ವಾಯರಿನಲ್ಲಿ, ಶಾಲೆಯ ಬ್ಯಾಂಡಿನಲ್ಲಿ ಊದುತ್ತಾರಲ್ಲ, ಟ್ರಿನಿಟಿ ಎಂಬ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಮಕ್ಕಳು ಕಲಿಯುತ್ತಾರಲ್ಲ, ಆ ಲೋಹದ, ಮೈತುಂಬ ಕೀಗಳಿರುವ ಫ್ಲೂಟ್. ಕಲಿಯುವವರ ಬಿದಿರಿನ ಕೊಳಲು ಕೈಕೊಟ್ಟರೆ ಕೆಲವು ನೂರು ರೂಪಾಯಿ ಹೋಗುತ್ತದೆ. ಇದರಲ್ಲಿ ನಮಗೆ ಹೋದದ್ದು 20,000.

ಅಕ್ಕನ ಮಗಳಿಗೆ ಬೇಕಾಗಿತ್ತು. ಅವಳು ಕಲಿಯಲು ಶುರುಮಾಡಿ ಜಾಸ್ತಿ ಸಮಯ ಆಗಿರಲಿಲ್ಲ. ಕ್ಲಾಸಿನಲ್ಲಿ ಟೀಚರ್ ಹತ್ತಿರ ಇರುವ ಒಂದು ಫ್ಲೂಟನ್ನೇ ಮಕ್ಕಳೆಲ್ಲ ಸರದಿಯಲ್ಲಿ ಊದುತ್ತಿದ್ದರು. ಮನೆಯಲ್ಲಿ ಅಭ್ಯಾಸ ಮಾಡಲು ಏನೂ ಇಲ್ಲ. ಒಳ್ಳೆಯ ಕಂಪನಿಯ ಹೊಸ ಫ್ಲೂಟಿನ ರೇಟ್ ಕೇಳಿದರೆ ನಮ್ಮಂಥವರು ಆ ಕಡೆ ತಿರುಗಿ ನೋಡುವ ಹಾಗಿಲ್ಲ. ಅಕ್ಕ ಭಾವ ಸೇರಿ 20,000 ತೆಗೆದಿಟ್ಟಿದ್ದರು. ಅದಕ್ಕಿಂತ ಒಂದು ರೂಪಾಯಿ ಮೇಲೆ ಹೋಗುವ ಸ್ಥಿತಿ ಇರಲಿಲ್ಲ.

ಹಳೆ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಜಾಹೀರಾತು ಸಿಕ್ಕಿತು. ಮಣಿಪಾಲದ ಒಬ್ಬ ವ್ಯಕ್ತಿ. ಜಪಾನಿನ ಹೆಸರುವಾಸಿ ಕಂಪನಿಯದ್ದು, ಬೆಳ್ಳಿಯದ್ದು, ಎರಡೇ ವರ್ಷ ಬಳಸಿದ್ದು, ದುಬೈಗೆ ಹೋಗುತ್ತಿರುವುದರಿಂದ ಅರ್ಜೆಂಟಾಗಿ ಮಾರುತ್ತಿದ್ದೇನೆ, 24,000. ನೀಲಿ ವೆಲ್ವೆಟ್ ಬಟ್ಟೆಯ ಮೇಲೆ ಇಟ್ಟು ತೆಗೆದ ಫೋಟೋಗಳು. ಫ್ಲೂಟ್ ಫಳಫಳ ಹೊಳೆಯುತ್ತಿತ್ತು. ಫೋನ್ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡಿದ. "ಎಂತ ಸಾರ್, ಮಗುವಿಗೆ ಅಲ್ವಾ, 20ಕ್ಕೆ ಕೊಡ್ತೇನೆ. ಆದ್ರೆ ಇನ್ನಿಬ್ಬರು ಕೇಳ್ತಾ ಇದ್ದಾರೆ, ಇವತ್ತು ನಾಳೆಯೊಳಗೆ ಬಂದ್ರೆ ನಿಮಗೆ" ಅಂದ. ಟೀಚರ್ ಊರಿನಲ್ಲಿ ಇರಲಿಲ್ಲ. ಅವರು ಬರುವವರೆಗೆ ಕಾಯಿರಿ ಎಂದರೆ ಆಗುವುದಿಲ್ಲ ಎಂದ. ಬೇಕಾದರೆ 2,000 ಅಡ್ವಾನ್ಸ್ ಹಾಕಿ, ಇಟ್ಟುಕೊಳ್ಳುತ್ತೇನೆ ಎಂದ. ಅಡ್ವಾನ್ಸ್ ಹಾಕಲಿಲ್ಲ. ಹುಡುಗಿಯನ್ನೇ ಕರೆದುಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಅವಳು ಊದಿ ನೋಡಿದರೆ ಗೊತ್ತಾಗುತ್ತದಲ್ಲ!

ಊದಿದಳು. ಚೆನ್ನಾಗಿಯೇ ಬಂತು. ಅಲ್ಲೇ ಇರುವುದು ಈ ಕತೆಯ ಮರ್ಮ.

ಫ್ಲೂಟಿನಲ್ಲಿ ಸಾಮಾನ್ಯವಾಗಿ ಮಕ್ಕಳಿಗೆ ಮೊದಲು ಹೇಳಿಕೊಡುವುದು ಬಿ, ಎ, ಜಿ ಎಂಬ ಮೂರು ಸ್ವರ. ಎಡಗೈಯ ಬೆರಳುಗಳಲ್ಲೇ ಮುಗಿಯುತ್ತದೆ. ಬಲಗೈ ಸುಮ್ನೆ ಹಿಡಿದುಕೊಂಡಿರುತ್ತದೆ ಅಷ್ಟೆ. ಈ ಮೂರಕ್ಕೆ ಮೇಲಿನ ಕೆಲವೇ ತೂತು ಮುಚ್ಚಿದರೆ ಸಾಕು, ಕೆಳಗಿನವು ಹೆಚ್ಚಿನವು ತೆರೆದೇ ಇರುತ್ತವೆ. ತೆರೆದಿರುವ ತೂತಿನ ಪ್ಯಾಡ್, ಅಂದರೆ ಕೀಯ ಅಡಿಯಲ್ಲಿದ್ದು ತೂತು ಮುಚ್ಚುವ ಮೆತ್ತೆ, ಹರಿದಿದ್ದರೇನು, ಕೊಳೆತಿದ್ದರೇನು, ಊದುವವರಿಗೆ ಏನೂ ಗೊತ್ತಾಗುವುದಿಲ್ಲ. ಸ್ವರ ಇಳಿಸುತ್ತಾ ಹೋದ ಹಾಗೆ ಒಂದೊಂದೇ ತೂತು ಮುಚ್ಚುತ್ತಾ ಬರಬೇಕು. ತೀರಾ ಕೆಳಗಿನ ಸಿ ಬರಬೇಕಾದರೆ ಕೊಳವೆಯ ಕೊನೆಯವರೆಗೆ ಎಲ್ಲ ಮುಚ್ಚಿರಬೇಕು. ನಡುವೆ ಎಲ್ಲಾದರೂ ಒಂದು ಪ್ಯಾಡ್ ಸೋರಿದರೂ ಅದಕ್ಕಿಂತ ಕೆಳಗಿನ ಸ್ವರಗಳು ಒಂದೋ ಬರುವುದೇ ಇಲ್ಲ, ಇಲ್ಲವೇ ಬರೀ ಗಾಳಿ ಶಬ್ದದಲ್ಲಿ ಬರುತ್ತವೆ. ಅಂದರೆ ಹೊಸದಾಗಿ ಕಲಿಯುವ ಮಗುವಿನ ಕೈಯಲ್ಲಿ ಅರ್ಧ ಸತ್ತ ಫ್ಲೂಟ್ ಕೂಡ ಪರೀಕ್ಷೆ ಪಾಸು.

ಮಾರುವವನೂ ಊದಿ ತೋರಿಸಿದ. ಒಂದು ಭಜನೆಯ ಧಾಟಿ. ಈಗ ನೆನಪು ಮಾಡಿಕೊಂಡರೆ ಅದೂ ಮೇಲಿನ ನಾಲ್ಕೈದು ಸ್ವರದಲ್ಲೇ ಸುತ್ತುತ್ತಿತ್ತು. ಒಮ್ಮೆ ಕೆಳಗೆ ಹೋಗಿ ಬಂದ, ಆಗ ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದ. ಫ್ಲೂಟಿನ ಕೀಯನ್ನು ಹಾಗೆ ಒತ್ತಬೇಕಾಗಿಯೇ ಇಲ್ಲ. ಪ್ಯಾಡ್ ಸರಿ ಇದ್ದರೆ ಬೆರಳು ಮೆಲ್ಲಗೆ ಇಟ್ಟರೂ ಮುಚ್ಚುತ್ತದೆ. ಯಾರಾದರೂ ಬಿಗಿಯಾಗಿ ಒತ್ತಿ ಊದುತ್ತಿದ್ದಾರೆ ಎಂದರೆ ಸೋರುವುದನ್ನು ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

ದುಡ್ಡು ಕೊಟ್ಟು ತಂದ ಫ್ಲೂಟನ್ನು ಟೀಚರ್ ಬಂದ ಮೇಲೆ ಅವರ ಹತ್ತಿರ ತೆಗೆದುಕೊಂಡು ಹೋದೆವು. ಅವರು ಮೊದಲು ಊದಲೇ ಇಲ್ಲ. ಪೆಟ್ಟಿಗೆ ತೆರೆದು ಮೂಸಿದರು. ನುಸಿಗುಳಿಗೆಯ ಘಾಟು, ಅದರ ಅಡಿಯಲ್ಲಿ ಬೂಷ್ಟಿನ ವಾಸನೆ. ಆಮೇಲೆ ಕೆಳಗಿನ ಡಿ ಊದಿದರು. ಗಾಳಿ ಮಾತ್ರ ಬಂತು. ಸಿ ಸ್ವರದ ಕತೆ ಕೇಳಲೇ ಬೇಡಿ ಮಾರಾಯ್ರೆ. ಸಿಗರೇಟ್ ಸುತ್ತುವ ತೆಳ್ಳಗಿನ ಕಾಗದವನ್ನು ಪಟ್ಟಿ ಮಾಡಿ ಒಂದೊಂದು ಪ್ಯಾಡಿನ ಅಡಿಗೆ ಇಟ್ಟು, ಕೀ ಮೆಲ್ಲಗೆ ಮುಚ್ಚಿ ಎಳೆದು ತೋರಿಸಿದರು. ಪ್ಯಾಡ್ ಸರಿಯಾಗಿ ಕೂತಿದ್ದರೆ ಕಾಗದ ಸುತ್ತಲೂ ಒಂದೇ ಹಾಗೆ ಹಿಡಿಯುತ್ತದೆ. ಇದರಲ್ಲಿ ಬಲಗೈ ಕಡೆಯ ಪ್ಯಾಡುಗಳಲ್ಲಿ ಒಂದು ಬದಿ ಹಿಡಿಯುತ್ತಿತ್ತು, ಇನ್ನೊಂದು ಬದಿಯಿಂದ ಕಾಗದ ಜಾರಿ ಬರುತ್ತಿತ್ತು. ಈ ಪರೀಕ್ಷೆಗೆ ಊದಲು ಬರಬೇಕಾಗಿಯೂ ಇಲ್ಲ, ಯಾರು ಬೇಕಾದರೂ ಮಾಡಬಹುದು. ಪ್ಯಾಡ್ ಎಂದರೆ ಫೆಲ್ಟಿನ ಬಿಲ್ಲೆ, ಮೇಲೆ ತೆಳ್ಳಗಿನ ಪೊರೆ. ನಮ್ಮ ಮಳೆಗಾಲದ ತೇವಕ್ಕೆ ಫೆಲ್ಟ್ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಪೊರೆ ಒಡೆಯುತ್ತದೆ. ಪೆಟ್ಟಿಗೆಯಲ್ಲೇ ವರ್ಷಗಟ್ಟಲೆ ಬಿದ್ದಿದ್ದರೆ ಇನ್ನೂ ಬೇಗ.

ಹೊಳಪಿನ ಗುಟ್ಟೂ ಆಗಲೇ ಗೊತ್ತಾಯಿತು. ಹಿತ್ತಾಳೆ ದೀಪ ತಿಕ್ಕುವಂಥ ಪಾಲಿಶ್ ಹಾಕಿ ಉಜ್ಜಿದ್ದ. ಕೀಗಳ ಬುಡದಲ್ಲಿ, ಅವನ್ನು ಹಿಡಿದಿಡುವ ಸಣ್ಣ ಕಂಬಗಳ ಸಂದಿಯಲ್ಲಿ ಬಿಳಿ ಪುಡಿ ಒಣಗಿ ಕೂತಿತ್ತು. ಆ ಪುಡಿ ಒಳಗೆ ಹೋದರೆ ಕೀ ಓಡಾಡುವ ಸರಳುಗಳನ್ನು ಉಜ್ಜಿ ಸವೆಸುತ್ತದೆ. ಸರಳುಗಳ ತುದಿಯ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಂದು ಕಡೆ ಸ್ಪ್ರಿಂಗ್ ಮುರಿದದ್ದಕ್ಕೆ ಹೊಲಿಗೆ ಸೂಜಿ ತುಂಡು ಮಾಡಿ ಸಿಕ್ಕಿಸಿದ್ದರು! ಕಡಲ ಗಾಳಿಯಲ್ಲಿ ಬೈಕಿನ ಚೈನೇ ತುಕ್ಕು ಹಿಡಿಯುವ ಊರಿದು, ಸೂಜಿಯಷ್ಟು ಸಪೂರದ ಉಕ್ಕಿನ ಸ್ಪ್ರಿಂಗ್ ಯಾವ ಲೆಕ್ಕ. ಫ್ಲೂಟಿನ ಕಾಲು, ಅಂದರೆ ಕೊಳವೆಯ ಕೊನೆಯ ತುಂಡು, ಅಲ್ಲಾಡಬಾರದೆಂದು ಜೋಡಣೆಗೆ ಸೆಲೋಟೇಪ್ ಸುತ್ತಿದ್ದ. ಕಾಲಿನ ತುಂಡಿನ ಬಣ್ಣವೂ ನಡುವಿನ ತುಂಡಿಗಿಂತ ಬೇರೆ. ಅಂದರೆ ಆ ತುಂಡು ಯಾವುದೋ ಬೇರೆ ಫ್ಲೂಟಿನದ್ದು.

"ಬೆಳ್ಳಿಯದ್ದು" ಎಂಬ ಮಾತಿನ ಬಗ್ಗೆಯೂ ಹೇಳಬೇಕು. "ಈಗಿನ ಬೆಳ್ಳಿ ರೇಟ್ ನೋಡಿ ಸಾರ್, ಅದಕ್ಕೇ ಇಷ್ಟಾಗ್ತದೆ" ಎಂದಿದ್ದ. ಕಲಿಯುವವರ ಫ್ಲೂಟುಗಳು ಹೆಚ್ಚಾಗಿ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದವು. ಅದರಲ್ಲಿರುವುದು ತಾಮ್ರ, ನಿಕಲ್, ಸತು. ಹೆಸರಿನಲ್ಲಿ ಮಾತ್ರ ಸಿಲ್ವರ್, ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ಮೇಲೆ ತೆಳ್ಳಗೆ ಬೆಳ್ಳಿಯ ಅಥವಾ ನಿಕಲ್‌ನ ಲೇಪ ಇರುತ್ತದೆ. ನಿಜವಾಗಿ ಬೆಳ್ಳಿಯ ಕೊಳವೆಯಾಗಿದ್ದರೆ ಸಾಮಾನ್ಯವಾಗಿ 925 ಎಂದೋ ಸ್ಟರ್ಲಿಂಗ್ ಎಂದೋ ಗುರುತು ಹೊಡೆದಿರುತ್ತಾರೆ. ಮಿಶ್ರಲೋಹದ್ದು ಎಂದರೆ ಕೆಟ್ಟದ್ದು ಎಂದಲ್ಲ, ಒಳ್ಳೊಳ್ಳೆಯ ಕಂಪನಿಗಳೂ ಕಲಿಯುವವರಿಗೆ ಅದನ್ನೇ ಮಾಡುತ್ತವೆ. ಆದರೆ ಬೆಳ್ಳಿ ರೇಟ್ ಹೇಳಿ ಮಾರುವವನ ಹತ್ತಿರ ವ್ಯಾಪಾರವೇ ಬೇಡ.

ಫೋನ್ ಮಾಡಿದೆ. ಮೊದಲ ಸಲ, "ಮಗು ಊದಿ ನೋಡಿಯೇ ತಗೊಂಡದ್ದಲ್ವಾ ಸಾರ್" ಅಂದ. ಎರಡನೇ ಸಲ, "ನಿಮ್ಮ ಟೀಚರಿಗೆ ಊದ್ಲಿಕ್ಕೆ ಬರುವುದಿಲ್ಲ ಕಾಣ್ತದೆ" ಅಂದ. ಈ ಮಾತು ಟೀಚರಿಗೆ ಹೇಳಿದೆ, ಅವರು ನಕ್ಕರು, ನನಗೆ ನಗು ಬರಲಿಲ್ಲ. ಆಮೇಲೆ ಹೇಳಿದ, ಎಂತ ಇದ್ದರೂ ಮಂಗಳೂರಿನಲ್ಲಿ ಸ್ಯಾಕ್ಸೋಫೋನ್ ರಿಪೇರಿಯವರು ಯಾರಾದರೂ ಒಂದು ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರೆ ಅಂತ. ಅದಾದ ಮೇಲೆ ನಂಬರ್ ಬ್ಲಾಕ್.

ಸ್ಯಾಕ್ಸೋಫೋನ್ ಮಾತು ಕೇಳಿದರೆ ನಮ್ಮವರು ಯಾರಾದರೂ ನಂಬುತ್ತಾರೆ. ಕದ್ರಿ ಗೋಪಾಲನಾಥರಿಂದಾಗಿ ಆ ವಾದ್ಯ ನಮ್ಮ ಜಿಲ್ಲೆಯಲ್ಲಿ ಪರಕೀಯ ಅಲ್ಲವೇ ಅಲ್ಲ. ಜಾತ್ರೆಗೆ, ಮದುವೆಗೆ ಸ್ಯಾಕ್ಸೋಫೋನ್ ಕೇಳಿಯೇ ಬೆಳೆದವರು ನಾವು. ರಿಪೇರಿ ಬಲ್ಲವರೂ ಇದ್ದಾರೆ. ಅಂಥ ಒಬ್ಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಣ್ಣ, ಇದು ನಮ್ಮ ಕೆಲಸ ಅಲ್ಲ, ನಾನು ಕೈ ಹಾಕಿದ್ರೆ ಇನ್ನೂ ಹಾಳಾಗ್ತದೆ" ಎಂದು ನೇರವಾಗಿ ಹೇಳಿದರು. ಸ್ಯಾಕ್ಸೋಫೋನಿನ ಪ್ಯಾಡ್ ಚರ್ಮದ್ದು, ದಪ್ಪ. ಅರಗಿನಂಥ ಅಂಟು ಬಿಸಿಮಾಡಿ ಕೂರಿಸುತ್ತಾರೆ. ಚೂರು ಓರೆಯಾದರೆ ಮತ್ತೆ ಬಿಸಿಮಾಡಿ ತಿದ್ದಬಹುದು. ಫ್ಲೂಟಿನದ್ದು ಹೆಚ್ಚಿನವು ಸಣ್ಣ ಸ್ಕ್ರೂವಿನಲ್ಲಿ ಕೂರುತ್ತವೆ. ಎಲ್ಲಿ ಸೋರುತ್ತದೋ ಆ ಬದಿಗೆ ಮಾತ್ರ ಕಾಗದದಷ್ಟು ತೆಳ್ಳಗಿನ ಪದರ ಕೊಟ್ಟು ಎತ್ತರ ಸರಿಮಾಡಬೇಕು. ಒಂದು ಕೀ ಇನ್ನೊಂದನ್ನು ಎಳೆದುಕೊಂಡು ಮುಚ್ಚುವ ಕಡೆ ಎರಡೂ ಒಟ್ಟಿಗೇ ಕೂರಬೇಕು. ದಿನಗಟ್ಟಲೆ ಕೆಲಸ. ನನಗೆ ಈ ಊರಿನಲ್ಲಿ ಮಾಡುವವರು ಯಾರೂ ಸಿಗಲಿಲ್ಲ. ಬೆಂಗಳೂರಿನ ಒಬ್ಬರಿಗೆ ಫೋಟೋ ಕಳಿಸಿದರೆ, ಎಲ್ಲ ಪ್ಯಾಡ್ ಬದಲಿಸಿ, ಸ್ಪ್ರಿಂಗ್ ಹಾಕಿ, ಕಚ್ಚಿದ ಸ್ಕ್ರೂ ಬಿಡಿಸಲು ನಾವು ಕೊಟ್ಟದ್ದರ ಅರ್ಧಕ್ಕಿಂತ ಜಾಸ್ತಿ ಹೇಳಿದರು. ಕೊರಿಯರ್ ಬೇರೆ. ಅಷ್ಟು ಖರ್ಚು ಮಾಡಿದರೂ ಕಾಲಿನ ತುಂಡು ಬೇರೆ ಫ್ಲೂಟಿನದ್ದೇ ತಾನೆ.

ಹಾಗಾಗಿ ಕೈಯಲ್ಲಿ 20,000 ಉಂಟು ಎಂದರೆ 20,000ದ ಹಳೆ ಫ್ಲೂಟ್ ಹುಡುಕಬೇಡಿ. ಸರ್ವಿಸ್ ಖರ್ಚನ್ನು ಮೊದಲೇ ಬೇರೆ ಎತ್ತಿಡಿ, ಉಳಿದದ್ದರಲ್ಲಿ ಸಿಗುವುದನ್ನು ನೋಡಿ. ಕೊನೆಯ ಸರ್ವಿಸ್ ಎಲ್ಲಿ ಆಯಿತು, ಬಿಲ್ ಉಂಟಾ ಎಂದು ಕೇಳಿ. ಬಿಲ್ ತೋರಿಸುವವರ ಹತ್ತಿರ ಸಾವಿರ ಎರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಹೋಗುವ ಮೊದಲೇ ವಿಡಿಯೋ ಕೇಳಿ, ಮೇಲಿನಿಂದ ತೀರಾ ಕೆಳಗಿನ ಸಿ ವರೆಗೆ ಒಂದೊಂದೇ ಸ್ವರ, ನಿಧಾನವಾಗಿ, ಬೆರಳು ಕಾಣುವ ಹಾಗೆ. ಇದನ್ನು ಕೊಡಲು ಕುಂಟುನೆಪ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಹೆಸರಿಲ್ಲದ ಹೊಸ ಫ್ಲೂಟ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ ಎಂದು ನಾನೂ ಕೇಳಿದೆ. ಕೀ ಸುಲಭವಾಗಿ ಬಾಗುತ್ತದೆ, ಬಿಡಿಭಾಗ ಸಿಗುವುದಿಲ್ಲ, ಬೇಡ ಎಂದರು ಟೀಚರ್. ಕಲಿಸುವವರ ಹತ್ತಿರವೇ ತಿಂಗಳ ಬಾಡಿಗೆಗೆ ಸಿಗುತ್ತದಾ ಕೇಳಿ ನೋಡಿ. ನಮ್ಮ ಹುಡುಗಿಗೆ ಕೊನೆಗೆ ಹಾಗೇ ಒಂದು ಸಿಕ್ಕಿತು, ಹಳೆಯ ವಿದ್ಯಾರ್ಥಿಯೊಬ್ಬರದ್ದು. ಹೊಳಪು ಏನೂ ಇಲ್ಲ, ಅಲ್ಲಲ್ಲಿ ಕಪ್ಪಾಗಿದೆ, ಸಿ ಮಾತ್ರ ಗಂಟೆ ಹೊಡೆದ ಹಾಗೆ ಬರುತ್ತದೆ.

ಅಡ್ವಾನ್ಸ್ ಹಾಕಿದ ಮೇಲೆ ಯಾರಾದರೂ ಮಾಯವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನಮ್ಮ ಕೇಸಿನಲ್ಲಿ ವಸ್ತು ಕೈಗೆ ಬಂದಿತ್ತು, ಬಿಲ್ ಇರಲಿಲ್ಲ, ಮಾರಿದವನು ಅಂಗಡಿಯವನೂ ಅಲ್ಲ. ಪರಿಚಯದ ವಕೀಲರೊಬ್ಬರು ಓಡಾಟಕ್ಕೇ ಅಷ್ಟು ದುಡ್ಡು ಮುಗಿಯುತ್ತದೆ ಎಂದರು, ಬಿಟ್ಟೆವು.

ದುಬೈಗೆ ಹೋಗುತ್ತೇನೆ ಎಂದವನು ಇನ್ನೂ ಹೋದ ಹಾಗೆ ಕಾಣುವುದಿಲ್ಲ. ಅದೇ ಆ್ಯಪಿನಲ್ಲಿ, ಅದೇ ನೀಲಿ ವೆಲ್ವೆಟ್ ಮೇಲೆ ಈಗ ಒಂದು ಕ್ಲಾರಿನೆಟ್ ಹಾಕಿದ್ದಾನೆ. ಅದಕ್ಕೂ ಪ್ಯಾಡ್, ಸ್ಪ್ರಿಂಗ್ ಎಲ್ಲ ಉಂಟು. ಬ್ಯಾಂಡಿನ ಹುಡುಗರು ಯಾರಾದರೂ ನೋಡಲು ಹೋಗುವುದಾದರೆ ಚೆನ್ನಾಗಿ ಊದುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಸಿಗರೇಟ್ ಕಾಗದ ಜೇಬಿನಲ್ಲಿರಲಿ.