ಎಫ್‌ಟಿಡಿ ಅನುಮಾನ ಇದ್ರೆ ಕೊಡಗಿಂದ ಮೊದ್ಲು ಮೈಸೂರಿಗಾ, ಬೆಂಗಳೂರಿಗಾ?

ಎಫ್‌ಟಿಡಿ ಅಂದ್ರೆ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಮೆದುಳಿನ ಮುಂಭಾಗ, ಪಕ್ಕದ ಭಾಗ ಸವೆದು ನಡವಳಿಕೆ ಇಲ್ಲಾ ಮಾತು ಕೆಡೋ ಕಾಯಿಲೆ. ಇದು ಎಲ್ರಲ್ಲೂ ಒಂದೇ ಥರ ಶುರು ಆಗಲ್ಲ, ಜಾಸ್ತಿ 45ರಿಂದ 65ರೊಳಗೆ ಬರುತ್ತೆ, ನೆನಪು ಮೊದಮೊದ್ಲು ಸಾಮಾನ್ಯವಾಗಿ ಚೆನ್ನಾಗೇ ಇರೋದ್ರಿಂದ ಮನೇವ್ರಿಗೆ ಗೊತ್ತೇ ಆಗಲ್ಲ.

ನಡವಳಿಕೆ ಕೆಡೋ ಬಗೆ ಆದ್ರೆ ಸಂಕೋಚ ಹೋಗ್ಬಿಡುತ್ತೆ, ಸಿಹಿ ಮೇಲೆ ವಿಪರೀತ ಆಸೆ, ಮದುವೇಲಿ ಪಕ್ಕದವರ ಎಲೆಗೇ ಕೈ ಹಾಕ್ತಾರೆ, ಸಾವಿನ ಮನೇಲಿ ನಗ್ತಾರೆ, ಜನ ಕುಡಿತ ಅಂತಾರೆ (ನಮ್ಮ ಕಡೆ ಎಲ್ಲಕ್ಕೂ ಕುಡಿತಾನೇ ಕಾರಣ ಬಿಡಿ). ಇವ್ರನ್ನ ಸೀದಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗೋದೇ ವಾಸಿ, ದೂರ ಆದ್ರೂ ನ್ಯೂರಾಲಜಿ, ಸೈಕಿಯಾಟ್ರಿ ಎರಡೂ ಒಂದೇ ಕಡೆ ಸಿಗುತ್ತೆ.

ಮಾತಿನ ಬಗೆ ಬೇರೆ. ಜೀವನ ಪೂರ್ತಿ ಒಳ್ಳೆಮೆಣಸು ಕೊಯ್ದವರು ಬಳ್ಳಿ ಮುಂದೇನೇ ನಿಂತು "ಒಳ್ಳೆಮೆಣಸು ಅಂದ್ರೆ ಏನು?" ಅಂತ ಕೇಳ್ತಾರೆ, ಕೈ ಮಾತ್ರ ಕೊಯ್ತಾನೇ ಇರುತ್ತೆ. ಇನ್ನು ಕೆಲವರಿಗೆ ಅರ್ಥ ಗೊತ್ತು, ಬಾಯಿಗೆ ಬರಲ್ಲ. ಇಂಥವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅನುಕೂಲ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು, ಆದ್ರೆ ಬರೀ ಸ್ಪೀಚ್ ಥೆರಪಿ ಸಾಲಲ್ಲ, ಎಂಆರ್‌ಐ, ನ್ಯೂರಾಲಜಿಸ್ಟ್ ಬೇಕೇ ಬೇಕು.

ಗುಣ ಮಾಡೋ ಔಷಧಿ ಎಲ್ಲೂ ಇಲ್ಲ. ಆಲ್ಜೈಮರ್ಸ್‌ಗೆ ಕೊಡೋ ಡೊನೆಪೆಜಿಲ್ ಇದಕ್ಕೆ ಉಪಯೋಗಕ್ಕೆ ಬರಲ್ಲ, ಕೆಲವರಿಗೆ ಚಡಪಡಿಕೆ ಜಾಸ್ತೀನೇ ಆಗುತ್ತೆ. ಹೊರಡೋ ಮುಂಚೆ ಮನೇಲಿ ಒಂದೆರಡು ವಿಡಿಯೋ ಮಾಡ್ಕೊಳಿ, ಡಾಕ್ಟರ್ ಮುಂದೆ ಎಷ್ಟೋ ಜನ ಸರಿಯಾಗೇ ಇರ್ತಾರೆ.